ಅಗ್ನಿವೀರನಿಗೆ ಯಾವ ಕೆಲಸ? ತೀರ್ಮಾನವಾಗುವುದು ಹೀಗೆ

‘ಸೇನೆಗೆ ಸೇರಿದ ನಮ್ಮ ಹುಡುಗನಿಗೆ ಯಾವ ಕೆಲಸ ಕೊಡ್ತಾರ?’ ಸೇಡಂ, ಶಹಾಪುರ, ಔರಾದ್ ಕಡೆಯ ಮನೆಗಳಲ್ಲಿ ಈ ಪ್ರಶ್ನೆ ಏಳುವುದು ಮಗ ಟ್ರೈನಿಂಗ್ ಸೆಂಟರಿಗೆ ಹೊರಟು ನಿಂತ ಮೇಲೆ. ಅಷ್ಟೊತ್ತಿಗೆ ಅರ್ಧ ಉತ್ತರ ಬರೆದು ಮುಗಿದಿರುತ್ತದೆ. ಬರೆದವನೂ ಅವನೇ. ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬುವಾಗ ‘ಯಾವ ವಿಭಾಗ?’ ಎಂದು ಕೇಳಿದ ಜಾಗದಲ್ಲಿ, ಹಿಂದೆ ಸರದಿ ನಿಂತವರ ಅವಸರಕ್ಕೆ ಏನೋ ಒಂದನ್ನು ಒತ್ತಿ ಬಂದಿರುತ್ತಾನೆ. ಉಳಿದರ್ಧವನ್ನು ಅಂಕ, ಖಾಲಿ ಹುದ್ದೆ, ವೈದ್ಯರು ಮತ್ತು ತರಬೇತಿ ಕೇಂದ್ರ ಸೇರಿ ಬರೆಯುತ್ತಾರೆ.

ಮೊದಲು ವಿಭಾಗ

2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ ಭೂಸೇನೆಗೆ ಜವಾನರಾಗಿ ಸೇರುವವರಲ್ಲಿ ಹೆಚ್ಚಿನವರು ಅಗ್ನಿವೀರರಾಗಿಯೇ, ಅಂದರೆ ನಾಲ್ಕು ವರ್ಷದ ಅವಧಿಗೆ, ಒಳಗೆ ಹೋಗುತ್ತಾರೆ. ಇದರಲ್ಲಿ ಮುಖ್ಯ ವಿಭಾಗಗಳು ನಾಲ್ಕು: ಜನರಲ್ ಡ್ಯೂಟಿ (ಹುಡುಗರ ಬಾಯಲ್ಲಿ ‘ಜೀಡಿ’), ಟೆಕ್ನಿಕಲ್, ಕ್ಲರ್ಕ್ ಮತ್ತು ಸ್ಟೋರ್ ಕೀಪರ್, ಟ್ರೇಡ್ಸ್‌ಮನ್. ವಿಭಾಗ ಎನ್ನುವುದು ಬರೀ ಹೆಸರಲ್ಲ, ಮುಂದೆ ಸಿಗಬಹುದಾದ ಕೆಲಸಗಳ ಎಲ್ಲೆ. ಜೀಡಿಯಲ್ಲಿ ಸೇರಿದವನು ‘ನಾನು ಪಿಯುಸಿ ಸೈನ್ಸ್ ಓದೀನ್ರೀ’ ಎಂದು ಆಮೇಲೆ ಟೆಕ್ನಿಕಲ್ ಕೇಳಿದರೆ ನಡೆಯುವುದಿಲ್ಲ.

ಜೀಡಿಗೆ ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು 45 ಶೇಕಡಾ, ಪ್ರತಿ ವಿಷಯದಲ್ಲಿ 33 ಶೇಕಡಾ ಸಾಕು. ನಮ್ಮ ಭಾಗದ ಹೆಚ್ಚಿನ ಹುಡುಗರು ಇಲ್ಲಿಗೇ ಅರ್ಜಿ ಹಾಕುತ್ತಾರೆ, ಪೈಪೋಟಿಯೂ ಇಲ್ಲೇ ದಟ್ಟ. ಟೆಕ್ನಿಕಲ್‌ಗೆ ಪಿಯುಸಿ ವಿಜ್ಞಾನದಲ್ಲಿ ಒಟ್ಟು 50 ಶೇಕಡಾ ಇರಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಇಂಗ್ಲಿಷ್ ಪ್ರತಿಯೊಂದರಲ್ಲೂ 40 ಶೇಕಡಾ ಬೇಕು. ಹಲವರಿಗೆ ಗೊತ್ತಿಲ್ಲದ ಇನ್ನೊಂದು ಬಾಗಿಲೂ ಇಲ್ಲುಂಟು: ಎಸ್ಸೆಸ್ಸೆಲ್ಸಿ ಜೊತೆ ಎರಡು ವರ್ಷದ ಐಟಿಐ ಅಥವಾ ಡಿಪ್ಲೊಮಾ ಮಾಡಿದವರೂ ಟೆಕ್ನಿಕಲ್‌ಗೆ ಬರಬಹುದು. ಎಲೆಕ್ಟ್ರಿಷಿಯನ್, ಫಿಟ್ಟರ್, ಡೀಸೆಲ್ ಮೆಕ್ಯಾನಿಕ್, ಸರ್ವೇಯರ್‌ನಂಥ ನಿಗದಿತ ವಿಷಯಗಳಿಗೆ ಮಾತ್ರ ಇದು ಅನ್ವಯ. ಹುಮನಾಬಾದಿನಲ್ಲೋ ಯಾದಗಿರಿಯಲ್ಲೋ ಐಟಿಐ ಮುಗಿಸಿ, ಸರ್ಟಿಫಿಕೇಟನ್ನು ಟ್ರಂಕಿನಲ್ಲಿಟ್ಟು ಜೀಡಿಗೆ ಓಡುವ ಹುಡುಗರನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಕ್ಲರ್ಕ್‌ಗೆ ಪಿಯುಸಿ ಯಾವ ವಿಭಾಗವಾದರೂ ಆದೀತು. ಆದರೆ ಒಟ್ಟು 60 ಶೇಕಡಾ, ಪ್ರತಿ ವಿಷಯದಲ್ಲಿ 50 ಶೇಕಡಾ ಬೇಕು. ಇಂಗ್ಲಿಷ್ ಜೊತೆಗೆ ಗಣಿತವನ್ನೋ ಲೆಕ್ಕಶಾಸ್ತ್ರವನ್ನೋ ಓದಿರಬೇಕು. ಟೈಪಿಂಗ್ ಪರೀಕ್ಷೆಯೂ ಇದೆ. ‘ಕ್ಲರ್ಕ್ ಆದ್ರ ಬಾರ್ಡರಿಗೆ ಕಳ್ಸಂಗಿಲ್ಲ’ ಎಂಬ ಮಾತನ್ನು ನಂಬಬೇಡಿ. ಪ್ರತಿ ಪಲ್ಟನ್ನಿಗೂ ಕಚೇರಿ ಇರುತ್ತದೆ, ಪಲ್ಟನ್ ಹೋದಲ್ಲಿ ಕ್ಲರ್ಕೂ ಹೋಗುತ್ತಾನೆ.

ಟ್ರೇಡ್ಸ್‌ಮನ್ ಎಂದರೆ ಅಡುಗೆಯವ, ದರ್ಜಿ, ಕ್ಷೌರಿಕ, ಬಟ್ಟೆ ಒಗೆಯುವವ, ಮೆಸ್ ನೋಡಿಕೊಳ್ಳುವವ ಇತ್ಯಾದಿ. ಹೆಚ್ಚಿನವಕ್ಕೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಹೌಸ್ ಕೀಪರ್ ಮತ್ತು ಮೆಸ್ ಕೀಪರ್‌ಗೆ ಎಂಟನೇ ತರಗತಿ ಸಾಕು. ಇವರೂ ಬಂದೂಕು ಕಲಿಯುತ್ತಾರೆ, ಪರೇಡ್ ಮಾಡುತ್ತಾರೆ. ಊರಲ್ಲಿ ಇದನ್ನು ಕೀಳಾಗಿ ಕಾಣುವವರು ಒಂದು ಸಂಗತಿ ತಿಳಿದಿರಲಿ: ಅಗ್ನಿವೀರನ ಸಂಬಳದಲ್ಲಿ ವಿಭಾಗದ ಭೇದವಿಲ್ಲ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ನಾಲ್ಕನೇ ವರ್ಷ 40,000. ಅದರಲ್ಲಿ 30 ಶೇಕಡಾ ಸೇವಾ ನಿಧಿಗೆ (ನಾಲ್ಕು ವರ್ಷದ ಕೊನೆಗೆ ಕೈಗೆ ಬರುವ ಉಳಿತಾಯ) ಹೋಗುತ್ತದೆ. ಇದು ಎಲ್ಲರಿಗೂ ಒಂದೇ.

2025ರ ಭರ್ತಿಯಿಂದ ಅರ್ಹತೆ ಇದ್ದವರು ಎರಡು ವಿಭಾಗಗಳಿಗೆ ಅರ್ಜಿ ಹಾಕಬಹುದು. ಪಿಯುಸಿ ಸೈನ್ಸ್ ಆದವರು ಟೆಕ್ನಿಕಲ್ ಮತ್ತು ಜೀಡಿ ಎರಡನ್ನೂ ಹಾಕುವುದು ಜಾಣತನ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಅರ್ಜಿ ತುಂಬುವ ಮುನ್ನ ಸೇನೆಯ ಭರ್ತಿ ಜಾಲತಾಣದಲ್ಲಿ ಆ ವರ್ಷದ ಅಧಿಸೂಚನೆಯನ್ನು ನೀವೇ ಓದಿ, ವಾಟ್ಸ್‌ಆ್ಯಪ್ ಫಾರ್ವರ್ಡ್ ನಂಬಿ ಕೂರಬೇಡಿ.

ಅಂಕ ಬಿದ್ದಷ್ಟು ದಾರಿ

ಈಗ ಮೊದಲು ಕಂಪ್ಯೂಟರಿನಲ್ಲಿ ಬರೆಯುವ ಪರೀಕ್ಷೆ, ಆಮೇಲೆ ರ್ಯಾಲಿ, ಅಂದರೆ ಮೈದಾನದಲ್ಲಿ ಓಟ, ಜಿಗಿತದ ಪರೀಕ್ಷೆ. 2025ರಲ್ಲಿ ಪರೀಕ್ಷೆ ನಡೆದ 13 ಭಾಷೆಗಳಲ್ಲಿ ಕನ್ನಡವೂ ಇತ್ತು. ತಪ್ಪು ಉತ್ತರಕ್ಕೆ ಅಂಕ ಕಡಿತವಿದೆ, ಕಣ್ಣು ಮುಚ್ಚಿ ಒತ್ತುವಂತಿಲ್ಲ. ಪಾಸಾದವರಿಗೆ ಗ್ರೌಂಡ್. ಕಲಬುರಗಿ, ಬೀದರ್, ಯಾದಗಿರಿ ಮೂರೂ ಬೆಳಗಾವಿಯ ಸೇನಾ ಭರ್ತಿ ಕಚೇರಿಯ ಕೆಳಗೆ ಬರುತ್ತವೆ. ರಾಯಚೂರು, ಕೊಪ್ಪಳ ಕೂಡ ಅದರಲ್ಲೇ. 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಓಡಿದರೆ 60 ಅಂಕ, 10 ಬೀಮ್ (ಕಂಬಿ ಹಿಡಿದು ಮೈ ಮೇಲೆತ್ತುವ ಪುಲ್ ಅಪ್) ಹೊಡೆದರೆ 40. ಒಂಬತ್ತು ಅಡಿ ಹಳ್ಳ ಜಿಗಿಯುವುದು ಮತ್ತು ಅಂಕುಡೊಂಕು ಕಂಬದ ಮೇಲೆ ನಡೆಯುವುದಕ್ಕೆ ಅಂಕವಿಲ್ಲ, ದಾಟಿದರಾಯಿತು.

‘ಪಾಸಾದ್ರ ಸಾಕು’ ಎಂದು ಓಡುವವರು ಇಲ್ಲೇ ಎಡವುತ್ತಾರೆ. ಕೊನೆಗೆ ನೋಡುವುದು ಮೆರಿಟ್ ಪಟ್ಟಿ. ಎನ್‌ಸಿಸಿ ಸರ್ಟಿಫಿಕೇಟಿಗೆ ಬೋನಸ್ ಅಂಕ ಸಿಗುವುದೂ ಅದಕ್ಕೇ.

ನಮ್ಮ ಕಡೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯ ಬಗ್ಗೆ. ಆ ಪ್ರಮಾಣಪತ್ರ ರಾಜ್ಯದ ನೌಕರಿಗೆ, ಇಲ್ಲಿನ ಕಾಲೇಜು ಸೀಟಿಗೆ ಉಪಯೋಗ. ಸೇನೆ ಅದನ್ನು ನೋಡುವುದಿಲ್ಲ. ಜವಾನರ ಭರ್ತಿಯಲ್ಲಿ ಜಾತಿ ಮೀಸಲಾತಿಯೂ ಇಲ್ಲ. ಹಾಗಂತ ತಹಶೀಲ್ದಾರ ಕಚೇರಿಗೆ ಹೋಗುವುದು ತಪ್ಪುವುದಿಲ್ಲ. ವಾಸಸ್ಥಳ, ಜಾತಿ ಪ್ರಮಾಣಪತ್ರಗಳನ್ನು ದಾಖಲೆ ಪರಿಶೀಲನೆಯಲ್ಲಿ ಕೇಳುತ್ತಾರೆ.

ವೈದ್ಯರು ಎಳೆಯುವ ಗೆರೆ

ಮೆಡಿಕಲ್ ಪರೀಕ್ಷೆ ಎಂದರೆ ಬರೀ ಪಾಸು, ಫೇಲು ಅಷ್ಟೇ ಅಲ್ಲ. ಕೆಂಪು, ಹಸಿರು ಸರಿಯಾಗಿ ಗುರುತು ಹಿಡಿಯಲಾರದವನ ಕೈಗೆ ಸೇನೆಯ ಲಾರಿ ಕೊಡುವುದಿಲ್ಲ. ಕಿವಿಯ ತೊಂದರೆ, ಚಪ್ಪಟೆ ಪಾದ, ನಿಂತಾಗ ಮೊಣಕಾಲು ತಾಗುವುದು ಇವು ಸಾಮಾನ್ಯವಾಗಿ ಸಿಕ್ಕಿಬೀಳುವ ಕಾರಣಗಳು. ಅರ್ಜಿಗೆ ಮೊದಲೇ ಊರಿನ ವೈದ್ಯರ ಹತ್ತಿರ ತೋರಿಸಿಕೊಂಡರೆ ಕಿವಿಯ ಮೇಣದಂಥ ಸಣ್ಣ ಕಾರಣಕ್ಕೆ ತಿರುಗಿ ಬರುವುದು ತಪ್ಪುತ್ತದೆ. ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಳ್ಳುವವರು ಸ್ವಲ್ಪ ತಡೆಯಿರಿ. ಮುಂಗೈಯ ಒಳಭಾಗ ಮತ್ತು ಅಂಗೈ ಹಿಂಬದಿ ಬಿಟ್ಟು ಬೇರೆಡೆ ಶಾಶ್ವತ ಹಚ್ಚೆ ಇದ್ದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ; ಎದೆ ಮೇಲೆ ಹುಡುಗಿಯ ಹೆಸರು ಬರೆಸಿದವನಿಗೆ ಎರಡೂ ಕಡೆ ಕಷ್ಟ.

ಯಾವ ರೆಜಿಮೆಂಟು?

ಇಲ್ಲಿ ನಿಮ್ಮ ಕೈಯಲ್ಲಿ ಬಹಳ ಕಡಿಮೆ ಇದೆ. ಯಾವ ದಳದಲ್ಲಿ ಎಷ್ಟು ಸ್ಥಾನ ಖಾಲಿ ಇವೆ ಎಂಬುದರ ಮೇಲೆ ಹಂಚಿಕೆ ನಡೆಯುತ್ತದೆ. ಬೆಳಗಾವಿ ಕಚೇರಿಯಿಂದ ಭರ್ತಿಯಾದ ಮಾತ್ರಕ್ಕೆ ಅಲ್ಲೇ ಇರುವ ಮರಾಠಾ ಲಘು ಪದಾತಿದಳ ಸಿಗಬೇಕೆಂದಿಲ್ಲ. ತೋಪಖಾನೆ ಸಿಕ್ಕವನು ನಾಸಿಕಕ್ಕೋ ಹೈದರಾಬಾದಿಗೋ ಹೋಗಬಹುದು. ಸಂಪರ್ಕ ವ್ಯವಸ್ಥೆ ನೋಡಿಕೊಳ್ಳುವ ಸಿಗ್ನಲ್ಸ್ ಎಂದರೆ ಜಬಲ್ಪುರ ಅಥವಾ ಗೋವಾ, ಎಂಜಿನಿಯರಿಂಗ್ ಕೆಲಸದ ಮದ್ರಾಸ್ ಸ್ಯಾಪರ್ಸ್ ಎಂದರೆ ಬೆಂಗಳೂರು, ಮದ್ರಾಸ್ ರೆಜಿಮೆಂಟ್ ಎಂದರೆ ನೀಲಗಿರಿಯ ವೆಲ್ಲಿಂಗ್ಟನ್.

‘ಇಷ್ಟು ಕೊಡ್ರಿ, ಇಎಂಇ (ಸೇನೆಯ ಯಂತ್ರ, ವಾಹನ ರಿಪೇರಿ ದಳ) ಹಾಕ್ಸಿಕೊಡ್ತೀವಿ’ ಎನ್ನುವವರು ಪ್ರತ್ಯಕ್ಷರಾಗುವುದು ಇದೇ ಹಂತದಲ್ಲಿ. ಅವರಿಗೆ ಒಂದು ಚಹಾ ಕುಡಿಸುವುದೂ ದಂಡ.

ತರಬೇತಿ ಕೇಂದ್ರದಲ್ಲಿ ನಡೆಯುವ ಹಂಚಿಕೆ

ಅಗ್ನಿವೀರರ ತರಬೇತಿ ಸಾಮಾನ್ಯವಾಗಿ 31 ವಾರ. ಮೊದಲ 10 ವಾರ ಎಲ್ಲರಿಗೂ ಒಂದೇ: ಡ್ರಿಲ್, ಪಿಟಿ, ಗುರಿ ಹೊಡೆಯುವುದು. ಮುಂದಿನ ವಾರಗಳು ಆಯಾ ಕೆಲಸಕ್ಕೆ ಮೀಸಲು. ‘ಜೀಡಿ’ ಎಂಬ ಒಂದೇ ಪದದೊಳಗಿನ ಬೇರೆ ಬೇರೆ ಕೆಲಸಗಳು ಬಿಡಿಬಿಡಿಯಾಗಿ ಕಾಣುವುದು ಇಲ್ಲಿಗೆ ಬಂದ ಮೇಲೆ.

ತೋಪಖಾನೆಯನ್ನೇ ತೆಗೆದುಕೊಳ್ಳಿ. ಒಬ್ಬ ತೋಪಿನ ಹತ್ತಿರ ಗನ್ನರ್ ಆಗುತ್ತಾನೆ. ಇನ್ನೊಬ್ಬ ರೇಡಿಯೊ ಹಿಡಿದು ಆಪರೇಟರ್. ಗಣಿತ ಚುರುಕಾಗಿದ್ದವನು, ಗುಂಡು ಎಲ್ಲಿ ಬೀಳಬೇಕೆಂದು ಲೆಕ್ಕ ಹಾಕುವ ಟೆಕ್ನಿಕಲ್ ಅಸಿಸ್ಟೆಂಟ್. ಮತ್ತೊಬ್ಬ ತೋಪು ಎಳೆಯುವ ಗಾಡಿಯ ಚಾಲಕ. ಟ್ಯಾಂಕ್ ದಳದಲ್ಲಿ ಚಾಲಕ, ಗನ್ನರ್, ಆಪರೇಟರ್ ಎಂಬ ಹಂಚಿಕೆ. ಸ್ಯಾಪರ್ಸ್‌ನಲ್ಲಿ ಬಡಗಿ, ಗೌಂಡಿ, ಸರ್ವೇಯರ್ ಕೆಲಸಗಳೂ ಉಂಟು. ಓದಿನ ಹಿನ್ನೆಲೆ, ಕೇಂದ್ರದಲ್ಲಿ ನಡೆಸುವ ಪರೀಕ್ಷೆ, ದೇಹಸ್ಥಿತಿ, ದಳಕ್ಕೆ ಆಗ ಬೇಕಾದವರ ಸಂಖ್ಯೆ ಇವೆಲ್ಲ ಸೇರಿ ನಿರ್ಧಾರವಾಗುತ್ತದೆ. ಇಷ್ಟ ಕೇಳಿದರೂ ಕೇಳಬಹುದು, ಆದರೆ ಕೊನೆಯ ಮಾತು ದಳದ ಅಗತ್ಯದ್ದು.

ಹಾಗಾದರೆ ಹುಡುಗ ಮಾಡಬಹುದಾದ್ದು ಏನು? ಗೊತ್ತಿರುವ ಕೆಲಸವನ್ನು ಮುಚ್ಚಿಡದಿರುವುದು. ವೆಲ್ಡಿಂಗ್ ಬರುತ್ತದೋ, ಕಂಪ್ಯೂಟರ್ ಕೋರ್ಸ್ ಆಗಿದೆಯೋ, ಲೈಸೆನ್ಸ್ ಇದೆಯೋ, ಸರ್ಟಿಫಿಕೇಟ್ ಸಮೇತ ಬರೆಸಬೇಕು. ಟ್ರ್ಯಾಕ್ಟರ್ ಓಡಿಸಲು ಬರುತ್ತದೆ ಎಂದು ಬಾಯಿಮಾತಿನಲ್ಲಿ ಹೇಳಿದರೆ ದಾಖಲೆಗೆ ಹೋಗುವುದಿಲ್ಲ.

ಇನ್ನು ಭಾಷೆ. ಕೇಂದ್ರದಲ್ಲಿ ಉಸ್ತಾದರು ಕಲಿಸುವುದು ಹಿಂದಿಯಲ್ಲಿ. ದಕ್ಷಿಣದ ಎಷ್ಟೋ ಹುಡುಗರು ಮೊದಲ ತಿಂಗಳು ಹುಕುಂ ಅರ್ಥವಾಗದೆ ಒದ್ದಾಡುತ್ತಾರೆ. ಬೀದರ್, ಕಲಬುರಗಿಯವರಿಗೆ ಸಂತೆಯಲ್ಲಿ ಕಿವಿಗೆ ಬಿದ್ದ ದಖನಿ ಉರ್ದು ಇಲ್ಲಿ ಕೈ ಹಿಡಿಯುತ್ತದೆ. ‘ನಕ್ಕೋ’ (ಬೇಡ), ‘ಹೌ’ (ಹೌದು) ಅಂದರೆ ಉಸ್ತಾದರು ನಕ್ಕಾರು, ಆದರೆ ಹೇಳಿದ್ದು ತಿಳಿಯುತ್ತದಲ್ಲ!

ವಾಯುಸೇನೆ ಆದರೆ?

ಬೀದರ್ ವಾಯುನೆಲೆಯಲ್ಲಿ ಹಾಕ್ ವಿಮಾನಗಳ ಸದ್ದು ಕೇಳುತ್ತಾ, ಸೂರ್ಯಕಿರಣ ತಂಡದ ಕಸರತ್ತು ನೋಡುತ್ತಾ ಬೆಳೆದವರಿಗೆ ಅಲ್ಲೇ ಕೆಲಸ ಸಿಕ್ಕೀತೆಂಬ ಆಸೆ ಸಹಜ. ಅಗ್ನಿವೀರ್ ವಾಯು ಭರ್ತಿ ಪೂರ್ತಿ ಬೇರೆ. ಅದರ ಅರ್ಜಿ, ಪರೀಕ್ಷೆ ಎಲ್ಲ ಪ್ರತ್ಯೇಕ, ಊರಿನ ನೆಲೆಯನ್ನು ಆರಿಸಿಕೊಳ್ಳುವ ಅವಕಾಶ ಇಲ್ಲ. ವಿಮಾನ ಹಾರಿಸುವವರಂತೂ ಅಧಿಕಾರಿಗಳು. ಅವರ ಆಯ್ಕೆಯ ದಾರಿಯೇ ಬೇರೆ.

ನಾಲ್ಕು ವರ್ಷದ ಲೆಕ್ಕ

ನಾಲ್ಕು ವರ್ಷದ ಕೊನೆಗೆ ಒಂದು ತಂಡದ 25 ಶೇಕಡಾದಷ್ಟು ಮಂದಿಯನ್ನು ಮಾತ್ರ ಕಾಯಂ ಮಾಡಿಕೊಳ್ಳುವುದು ಯೋಜನೆಯ ನಿಯಮ. ಉಳಿದವರಿಗೆ ಕೇಂದ್ರದ ಅರೆಸೇನಾ ಪಡೆಗಳಲ್ಲಿ 10 ಶೇಕಡಾ ಮೀಸಲಾತಿಯನ್ನು ಸರ್ಕಾರ 2022ರಲ್ಲೇ ಘೋಷಿಸಿದೆ, ಸೇವಾ ನಿಧಿಯ ಹಣವೂ ಕೈಗೆ ಬರುತ್ತದೆ. ಆದರೆ ಊರಿಗೆ ಮರಳಿದವನ ಹತ್ತಿರ ಉಳಿಯುವುದು ಸೇನೆಯಲ್ಲಿ ಮಾಡಿದ ಕೆಲಸದ ಕೌಶಲ ಪ್ರಮಾಣಪತ್ರ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಅರ್ಜಿಯಲ್ಲಿ ವಿಭಾಗ ಆರಿಸಿ. ಸೈಬರ್ ಸೆಂಟರಿನವನು ‘ಯಾವ್ದು ಹಾಕ್ಲಿ?’ ಅಂದರೆ ‘ನೀವೇ ನೋಡಿ ಹಾಕ್ರಿ’ ಎನ್ನಬೇಡಿ. ಅಂಕಪಟ್ಟಿ ಮತ್ತು ಅಧಿಸೂಚನೆಯನ್ನು ಮುಂದಿಟ್ಟುಕೊಂಡು ಮನೆಯಲ್ಲೇ ಚೀಟಿ ಬರೆದು ಒಯ್ಯಿರಿ.