ಬಲಗಡೆಯ ಕಾಲಂ

ನನ್ನ ಪ್ರಾರ್ಥನೆಯ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಇದ್ದವು. ಎಡಗಡೆ ಕೇಳಿದ್ದು, ಬಲಗಡೆ ಸಿಕ್ಕಿದ್ದು. ಸಿಕ್ಕ ದಿನ ಕೆಂಪು ಶಾಯಿಯಲ್ಲಿ ಒಂದು ಟಿಕ್. ಟಿಕ್ ಜಾಸ್ತಿ ಬಿದ್ದ ತಿಂಗಳು ದೇವರು ಹತ್ತಿರ ಇದ್ದಾರೆ ಅನ್ನಿಸುತ್ತಿತ್ತು. ಕಡಿಮೆಯಾದರೆ ನನ್ನದೇ ಏನೋ ತಪ್ಪಿರಬೇಕು ಅಂತ ಇನ್ನೊಂದು ಉಪವಾಸ. ಆಗ ಅದನ್ನೇ ವಿಶ್ವಾಸ ಅಂದುಕೊಂಡಿದ್ದೆ.

ಒಂದು ಬಡ್ತಿಗಾಗಿ 11 ತಿಂಗಳು ಪ್ರಾರ್ಥಿಸಿದೆ. ಶುಕ್ರವಾರ ಉಪವಾಸ. ಸಂಬಳದ ಹತ್ತನೇ ಒಂದು ಪಾಲನ್ನು ಚರ್ಚಿಗೆ ಕೊಡುವ ದಶಮಭಾಗ ಒಂದು ತಿಂಗಳೂ ತಪ್ಪಿಸಲಿಲ್ಲ. ಪ್ರಾರ್ಥನೆ ಫಲಿಸಿತು ಅಂತ ಸಭೆಯಲ್ಲಿ ಸಾಕ್ಷಿ ಹೇಳುವಾಗ ಯಾವ ಮಾತಿನಿಂದ ಶುರು ಮಾಡಬೇಕು ಅನ್ನುವುದನ್ನೂ ಯೋಚಿಸಿಟ್ಟಿದ್ದೆ! ಬಡ್ತಿ ಪಕ್ಕದ ಮೇಜಿನವರಿಗೆ ಹೋಯಿತು. ಅವರು ಪ್ರಾರ್ಥನೆ ಮಾಡುವವರೇ ಅಲ್ಲ. ಆ ರಾತ್ರಿ ಮಂಡಿಯೂರಿದವನ ಬಾಯಿಂದ ಬಂದದ್ದು ಒಂದೇ ಮಾತು: "ಇಷ್ಟೆಲ್ಲ ಮಾಡಿದೆನಲ್ಲ!" ಆಡಿದ ಮೇಲೆ ಅದು ನನಗೇ ಕೇಳಿಸಿತು. ಕೂಲಿ ಸಿಗದ ಆಳು ಆಡುವ ಮಾತು ಅದು. ಬೈಬಲಿನಲ್ಲಿ ಎಲ್ಲ ಕಳೆದುಕೊಂಡೂ ದೇವರನ್ನು ಬಿಡದ ಯೋಬನ ಬಗ್ಗೆ ಸೈತಾನ ಕೇಳುವುದೂ ಇದನ್ನೇ ಅಲ್ವಾ, ಅವನೇನು ಸುಮ್ನೆ ದೇವರಿಗೆ ಭಯಪಡುತ್ತಾನಾ ಅಂತ. ಯೋಬ ಹೇಗೋ ಪಾಸಾದ. ನಾನು ಒಂದು ಬಡ್ತಿಗೇ ಫೇಲಾದೆ.

ಗೋಡೆಗೆ ಯೆರೆಮೀಯ 29:11 ಅಂಟಿಸಿಕೊಂಡಿದ್ದೆ. ನಿಮ್ಮ ಹಿತಕ್ಕಾಗಿಯೇ ಯೋಚಿಸುತ್ತಿದ್ದೇನೆ ಅಂತ ದೇವರು ಹೇಳುವ ವಚನ. ಆ ವಾರ ಮೊದಲ ಸಲ ಅಧ್ಯಾಯವನ್ನು ಮೇಲಿನಿಂದ ಓದಿದೆ. ಬಾಬೆಲಿಗೆ ಸೆರೆಯಾಗಿ ಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ ಅದು. ಊರಿಗೆ ಮರಳುವುದು 70 ವರ್ಷ ತುಂಬಿದ ಮೇಲೆ ಅಂತ ಹಿಂದಿನ ವಚನದಲ್ಲೇ ಇದೆ. ಪತ್ರ ಕೇಳಿಸಿಕೊಂಡ ದೊಡ್ಡವರಲ್ಲಿ ಎಷ್ಟು ಜನ ಅಲ್ಲಿಯವರೆಗೆ ಬದುಕಿದ್ದಾರು? ಅಷ್ಟು ದಿನ ಮನೆ ಕಟ್ಟಿ, ತೋಟ ಮಾಡಿ, ನೀವು ಸೆರೆಯಾಗಿರುವ ಪಟ್ಟಣಕ್ಕಾಗಿಯೇ ಪ್ರಾರ್ಥಿಸಿ ಅನ್ನುತ್ತದೆ ಪತ್ರ. ನಾನು ಅದರಿಂದ ಒಂದು ಸಾಲು ಕತ್ತರಿಸಿ ಬಡ್ತಿಯ ಚೀಟಿ ಮಾಡಿಕೊಂಡಿದ್ದೆ.

ಆಮೇಲೆ ಇನ್ನೊಂದು ಕಡೆಗೆ ವಾಲಿದೆ. ದೇವರಿಗೆ ಒಪ್ಪಿಸಿಕೊಡುವುದು ಅಂದರೆ ಏನನ್ನೂ ಕೇಳಬಾರದು ಅಂದುಕೊಂಡು ಕೆಲವು ತಿಂಗಳು "ನಿನ್ನ ಚಿತ್ತದಂತೆ ಆಗಲಿ" ಅಂತಷ್ಟೇ ಹೇಳಿ ಎದ್ದುಬಿಡುತ್ತಿದ್ದೆ. ನಿಜ ಹೇಳಬೇಕೆಂದರೆ ಅದು ಬರೀ ಮುನಿಸು. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿ ಮೊದಲು ಕೇಳುತ್ತಾರೆ, ಈ ಪಾತ್ರೆ (ಮುಂದಿದ್ದ ಯಾತನೆ) ನನ್ನನ್ನು ಬಿಟ್ಟು ಹೋಗಲಿ ಅಂತ. ಆಮೇಲೆ ತಂದೆಯ ಚಿತ್ತಕ್ಕೆ ಬಿಡುತ್ತಾರೆ. ಮತ್ತಾಯನ ಸುವಾರ್ತೆಯ ಪ್ರಕಾರ ಮೂರು ಸಲ ಹೋಗಿ ಪ್ರಾರ್ಥಿಸಿದರು. ಅಪೊಸ್ತಲ ಪೌಲನೂ ಶರೀರದಲ್ಲಿದ್ದ ಮುಳ್ಳು (ತನ್ನ ಒಂದು ಬಾಧೆಯನ್ನು ಅವನು ಕರೆದದ್ದೇ ಹಾಗೆ) ಹೋಗಲಿ ಅಂತ ಬೇಡಿಕೊಂಡದ್ದು ಮೂರು ಸಲ. ಪಾತ್ರೆ ತಪ್ಪಲಿಲ್ಲ, ಮುಳ್ಳೂ ಹೋಗಲಿಲ್ಲ. ಪೌಲನಿಗೆ ಸಿಕ್ಕ ಉತ್ತರ ಕೃಪೆಯೇ ಸಾಕು ಅನ್ನುವುದಷ್ಟೇ. ನನ್ನ ನೋಟ್‌ಬುಕ್ಕಿನಲ್ಲಿ ಇದಕ್ಕೆಲ್ಲ ಎಲ್ಲಿ ಟಿಕ್ ಹಾಕುವುದು?

ಈಗ ಬೇಕಾದ್ದನ್ನು ನೇರವಾಗಿ ಕೇಳುತ್ತೇನೆ. ಭಕ್ತಿಯ ಮಾತು ಸೇರಿಸಿ ಸುತ್ತಿಬಳಸುವುದಿಲ್ಲ. ಆಮೇಲೆ ಎರಡೂ ಅಂಗೈ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಹತ್ತು ನಿಮಿಷ ಸುಮ್ಮನೆ ಕೂರುತ್ತೇನೆ. ಒಂದೆರಡು ನಿಮಿಷದಲ್ಲೇ ನನಗೆ ಗೊತ್ತಿಲ್ಲದೆ ಬೆರಳುಗಳು ಮಡಚಿಕೊಂಡಿರುತ್ತವೆ. ಅಪ್ಪನ ಕಾಯಿಲೆ ನೆನಪಾದರಂತೂ ಮುಷ್ಟಿಯೇ. ಮತ್ತೆ ಬಿಚ್ಚುತ್ತೇನೆ. ಒಮ್ಮೆ ಕೂತರೆ ಐದಾರು ಸಲ ಹೀಗಾಗುತ್ತದೆ.

ಏಳುವ ಮೊದಲು 131ನೇ ಕೀರ್ತನೆ ಓದುತ್ತೇನೆ. ಮೂರೇ ವಚನ. ತನ್ನ ಪ್ರಾಣ ಮೊಲೆ ಬಿಡಿಸಿದ ಕೂಸಿನ ಹಾಗೆ ಸುಮ್ಮನಿದೆ ಅನ್ನುತ್ತಾನೆ ಕೀರ್ತನೆಕಾರ. ತಂಗಿ ತನ್ನ ಮಗುವಿಗೆ ಮೊಲೆ ಬಿಡಿಸಿದಾಗ ನಾನು ಅವರ ಮನೆಯಲ್ಲಿದ್ದೆ. ಮೂರು ರಾತ್ರಿ ಒಂದೇ ಸಮನೆ ಅಳು. ಬಟ್ಟೆ ಹಿಡಿದು ಎಳೆಯಿತು, ಅವಳ ಕೆನ್ನೆಗೆ ಹೊಡೆಯಿತು. ಅವಳೂ ಅತ್ತಳು. ಎರಡು ವಾರ ಕಳೆದ ಮೇಲೆ ನೋಡಿದರೆ ಮಗು ಅದೇ ಮಡಿಲು ಹತ್ತಿ, ಏನನ್ನೂ ಹುಡುಕದೆ, ಅವಳ ಎದೆಗೆ ಒರಗಿ ಕೂತಿತ್ತು. ಅದಕ್ಕೆ ಅಮ್ಮ ಇದ್ದರಾಯಿತು.

ನಾನಿನ್ನೂ ಮೂರನೇ ರಾತ್ರಿಯಲ್ಲೇ ಇದ್ದೇನೆ ಅನ್ನಿಸುತ್ತದೆ. ಅಪ್ಪನಿಗೆ ವಾಸಿಯಾಗಿಲ್ಲ. ವಾಸಿ ಮಾಡು ಅಂತ ಇವತ್ತು ಬೆಳಿಗ್ಗೆಯೂ ಕೇಳಿದೆ. ಹೊಸ ನೋಟ್‌ಬುಕ್ಕಿನಲ್ಲಿ ಬರೆದೂ ಇಟ್ಟಿದ್ದೇನೆ, ಪುಟದ ಈ ತುದಿಯಿಂದ ಆ ತುದಿಯವರೆಗೆ, ನಡುವೆ ಗೆರೆ ಎಳೆಯದೆ.