ಸವೆದ ರೋಮನ್ ಬೆಳ್ಳಿ ನಾಣ್ಯ ಓದೋದು ಹೇಗೆ

ಮಂಡ್ಯದ ಅಂಚೆ ಕಚೇರಿಯಲ್ಲಿ 31 ವರ್ಷ ಮಸುಕಾದ ಠಸ್ಸೆ ಓದಿದವನು ನಾನು. ಅರ್ಧ ಅಕ್ಷರ ಕಂಡರೂ ಮದ್ದೂರೋ ಮಳವಳ್ಳಿಯೋ ಗೊತ್ತಾಗುತ್ತಿತ್ತು. ರಿಟೈರ್ ಆದ ಮೇಲೆ ಆ ಕಣ್ಣು ರೋಮನ್ನರ ದಿನಾರಿಯಸ್ ಅನ್ನೋ ಬೆಳ್ಳಿ ನಾಣ್ಯದ ಮೇಲೆ ಬಿದ್ದಿದೆ.

ಮೊದಲಿಗೆ, ನಾಣ್ಯ ಉಜ್ಜಬೇಡಿ. ನನ್ನ ಮೊದಲ ನಾಣ್ಯವನ್ನು ಹಬ್ಬದ ದೀಪಗಳ ಜೊತೆ ವಿಭೂತಿ ಹಾಕಿ ತಿಕ್ಕಿಬಿಟ್ಟೆ. ಫಳಫಳ ಅಂತು, ಚಿತ್ರವೇ ಮಾಯ. ತಗ್ಗಿನಲ್ಲಿ ಕೂತ ಕಪ್ಪೇ ಅಲ್ವಾ ಗೆರೆ ಎತ್ತಿ ತೋರಿಸೋದು!

ಬೆಳಿಗ್ಗೆ ಕಿಟಕಿ ಹತ್ತಿರ ಕೂತು, ಅಂಚು ಹಿಡಿದು, ಓರೆ ಬೆಳಕಿನಲ್ಲಿ ಮೆಲ್ಲಗೆ ತಿರುಗಿಸಿ. ಚಕ್ರವರ್ತಿಯ ತಲೆ ಇದ್ದರೆ ಬರಹ ಸಾಮಾನ್ಯವಾಗಿ ಎಡಗಡೆ ಕೆಳಗಿನಿಂದ ಶುರುವಾಗಿ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. 'ಯು' ಬರೆಯುವ ಕಡೆ 'ವಿ' ಇರುತ್ತದೆ. 'ಸಿಓಎಸ್' ಸಿಕ್ಕರೆ ಅದರ ಮುಂದಿನ ಅಂಕಿ ನೋಡಿ, ಆ ಚಕ್ರವರ್ತಿ ಎಷ್ಟನೇ ಸಲ ಕಾನ್ಸಲ್, ಅಂದರೆ ರೋಮಿನ ದೊಡ್ಡ ಅಧಿಕಾರಿ, ಆದ ಅಂತ. ಅಲ್ಲಿ 'ವಿ' ಅಂದರೆ 5. ಚಕ್ರವರ್ತಿ ಟ್ರಾಜನ್ನನಿಗೆ 5 ಇದ್ದರೆ ಕ್ರಿ.ಶ. 103ರಿಂದ 111ರ ಒಳಗೆ.

ಹಿಂಬದಿಯಲ್ಲಿ ಗದ್ದೆಯ ಬೆದರುಬೊಂಬೆ ಥರದ್ದು ಕಂಡರೆ ನಗಬೇಡಿ. ಕಂಬಕ್ಕೆ ಸೋತವರ ಕವಚ, ಶಿರಸ್ತ್ರಾಣ, ಗುರಾಣಿ ತೊಡಿಸಿದ ಗೆಲುವಿನ ಗುರುತು ಅದು. ಚಕ್ರವರ್ತಿ ವೆಸ್ಪಾಸಿಯನ್ ಅದರ ಪಕ್ಕ ಅಳುತ್ತ ಕೂತ ಹೆಂಗಸನ್ನು ಇಟ್ಟು, ಕೆಳಗೆ ಯೂದಾಯ ಅಂತ ಹೆಸರು ಬರೆಸಿದ. ಅದು ಸೋತ ಯಹೂದಿಗಳ ನಾಡು.

ನನಗೆ ಜಾಸ್ತಿ ಇಷ್ಟವಾದದ್ದು ರೋಮನ್ ಸೇನಾಪತಿ ಮಾರ್ಕ್ ಆಂಟನಿಯ ನಾಣ್ಯ. ಬಿಲ್ ಸಮೇತ ತೆಗೆದುಕೊಂಡದ್ದು. ಕ್ರಿ.ಪೂ. 32-31ರಲ್ಲಿ ಆಕ್ಟಿಯಂ ಅನ್ನೋ ಕಡೆ ನಡೆದ ನೌಕಾ ಕದನಕ್ಕೆ ಮುಂಚೆ ದಂಡಿನ ಸಂಬಳಕ್ಕೆ ಅಂತ ಹೊಡೆಸಿದ್ದು. ತಲೆ ಇಲ್ಲ. ಒಂದು ಕಡೆ ಹುಟ್ಟುಗಳ ಹಡಗು. ಇನ್ನೊಂದು ಕಡೆ ನಡುವೆ ಕೋಲಿನ ಮೇಲೆ ಹದ್ದು, ಎರಡು ಪಕ್ಕ ಬಿಲ್ಲೆ ಜೋಡಿಸಿದ ಕೋಲುಗಳು. ಕೆಳಗೆ 'ಎಲ್‌ಇಜಿ', ಅಂದರೆ ಲೀಜನ್ ಅನ್ನೋ ದಂಡು, ಆಮೇಲೆ ಅದರ ಸಂಖ್ಯೆ. ಇದರಲ್ಲಿ ಬೆಳ್ಳಿ ಕಡಿಮೆ. ಅದಕ್ಕೇ ಜನ ಕೂಡಿಡದೆ ಖರ್ಚು ಮಾಡಿದರು, ನೂರಾರು ವರ್ಷ ಕೈಯಿಂದ ಕೈಗೆ ಓಡಾಡಿ ಸವೆದಿದೆ.

ನನ್ನದರಲ್ಲಿ ಸಂಖ್ಯೆಯ ಜಾಗದಲ್ಲಿ ಒಂದು 'ಎಕ್ಸ್' ಇದೆ, ಅಂದರೆ 10, ಪಕ್ಕದಲ್ಲಿ ಒಂದು ಕಡ್ಡಿ, ಅಂದರೆ 1. ಅದಾದ ಮೇಲೆ ಇನ್ನೊಂದು ಕಡ್ಡಿಗೆ ಜಾಗ ಇದೆ. ಕಾಗದದ ಮೇಲೆ ಅಳತೆ ಹಾಕಿ ನೋಡಿದೆ, ಹಳೇ ಠಸ್ಸೆಗಳಿಗೂ ಹೀಗೇ ಮಾಡುತ್ತಿದ್ದೆ. ಪುಸ್ತಕದಲ್ಲಿ 12 ಅಂತ ಬರೆದಿಟ್ಟಿದ್ದೇನೆ, ಪೆನ್ಸಿಲಿನಲ್ಲಿ.