ಹಿಮೇಜಿ ಕೋಟೆ: ಅಮ್ಮನ್ನ ತುದಿಗೆ ಹತ್ತಿಸಿದ ಕತೆ

ಮೊಣಕಾಲು ನೋವಿನ ಅಮ್ಮನ್ನ ಜಪಾನಿನ ಹಿಮೇಜಿ ಕೋಟೆ ಹತ್ತಿಸ್ತೀನಿ ಅಂದಾಗ ಒಸಾಕಾದ ಗೆಳೆಯರು ನಕ್ಕಿದ್ದರು. ಹತ್ತಿಸಿದೆ, ಇಳಿಸಿದೆ. ಆದರೆ ಮೂರನೇ ಪ್ರಯತ್ನಕ್ಕೆ.

ಮೊದಲ ಸಲ ಚೆರ್ರಿ ಹೂವಿನ ಕಾಲದ ಭಾನುವಾರ, ಅದೂ ಶಿಂಕಾನ್ಸೆನ್ ಅನ್ನೋ ಬುಲೆಟ್ ರೈಲಲ್ಲಿ. ಇಬ್ಬರಿಗೂ ಹೋಗಿ ಬರೋಕೆ ಹದಿಮೂರು ಸಾವಿರ ಯೆನ್ ಹತ್ತಿರ ಹೋಯ್ತು. ಮುಟ್ಟಿದಾಗ ಹನ್ನೊಂದು ದಾಟಿತ್ತು. ಸಾಲು ನೋಡಿ ಅಮ್ಮ ಮರದಡಿ ಕೂತಳು, ಅಲ್ಲಿಂದಲೇ ವಾಪಸ್.

ಎರಡನೇ ಸಲ ನಾನೊಬ್ಬನೇ, ತಾಲೀಮಿಗೆ. ಕೋಟೆಯ ಮುಖ್ಯ ಗೋಪುರ ಹೊರಗಿಂದ ಐದು ಅಂತಸ್ತು ಕಾಣುತ್ತೆ, ಒಳಗೆ ನೆಲಮಾಳಿಗೆ ಸೇರಿ ಏಳು. ಲಿಫ್ಟ್ ಇಲ್ಲ. ಚಪ್ಪಲಿ ಬಿಚ್ಚಿ ಚೀಲದಲ್ಲಿ ಹಿಡ್ಕೊಂಡು ಹತ್ತಬೇಕು. ಮೆಟ್ಟಿಲು ನಮ್ಮ ಅಟ್ಟದ ಏಣಿಗಿಂತ ಸ್ವಲ್ಪ ವಾಸಿ, ಅಷ್ಟೇ. ಮರ ಜನರ ಕಾಲಿಗೆ ಸವೆದು ಸವೆದು ನುಣ್ಣಗಾಗಿದೆ. ಉಣ್ಣೆ ಸಾಕ್ಸ್ ಹಾಕಿದ್ದೆ, ಜಾರಿ ಮೊಣಕಾಲ ಕೆಳಗೆ ಪೆಟ್ಟು ಮಾಡಿಕೊಂಡೆ. ಸಾಕ್ಸ್ ತೆಗೆದು ಬರಿಗಾಲಲ್ಲಿ ಹತ್ತಿದೆ. ಹಿಡಿತ ಸಿಕ್ತು. ಅವತ್ತೇ ಗೋಡೆಯ ಕಿಂಡಿಗಳನ್ನೂ ಎಣಿಸಹೊರಟೆ: ಉದ್ದನೆಯವು ಬಾಣಕ್ಕೆ, ದುಂಡು, ತ್ರಿಕೋನ, ಚೌಕದವು ಕೋವಿಗೆ. ನೂರು ದಾಟೋ ಹೊತ್ತಿಗೆ ಲೆಕ್ಕ ತಪ್ಪಿ ಬಿಟ್ಟೆ. ಯಾವ ಅಂತಸ್ತಲ್ಲಿ ಎಲ್ಲಿ ಕೂರಬಹುದು ಅಂತ ಮಾತ್ರ ಗುರುತು ಹಾಕಿಕೊಂಡೆ. ಆ ಜಾಗಗಳನ್ನ ಇಲ್ಲಿ ಬರೆಯಲ್ಲ, ಬರೆದರೆ ನನಗೇ ಸಿಗಲ್ಲ.

ಮೂರನೇ ಸಲ ನವೆಂಬರ್, ವಾರದ ನಡುವೆ, ಒಸಾಕಾದಿಂದ ಶಿನ್‌ಕೈಸೋಕು ಅನ್ನೋ ಮಾಮೂಲಿ ವೇಗದ ರೈಲು. ಗಂಟೆ ಹೊತ್ತು, ಇಬ್ಬರಿಗೆ ಹೋಗಿ ಬರೋಕೆ ಆರು ಸಾವಿರ ಚಿಲ್ಲರೆ. ಒಂಬತ್ತಕ್ಕೆ ಬಾಗಿಲು ತೆಗೆದಾಗ ನಾವು ಮೊದಲ ಇಪ್ಪತ್ತು ಜನರಲ್ಲಿದ್ವಿ. ಪಶ್ಚಿಮದ ಉದ್ದ ಪಡಸಾಲೆಗೆ ತಿರುಗದೆ ನೇರ ಗೋಪುರಕ್ಕೇ ನಡೆದ್ವಿ. ದಾರಿ ಸುತ್ತಿ ಸುತ್ತಿ ಒಂದು ಕಡೆ ಕೆಳಗೂ ಇಳಿಯುತ್ತೆ. “ಏನೋ, ಕೋಟೆ ಎದುರಿಗೇ ಇದೆ, ಹಿಂದಕ್ಕೆ ಕರ್ಕೊಂಡು ಹೋಗ್ತಿದೀಯಲ್ಲ” ಅಂದಳು ಅಮ್ಮ. ಶತ್ರುಗಳಿಗೂ ಹಂಗೇ ಅನ್ನಿಸಲಿ ಅಂತಲೇ ಕಟ್ಟಿದ್ದು.

ಒಂದು ಅಂತಸ್ತು ಹತ್ತೋದು, ಐದು ನಿಮಿಷ ಕೂರೋದು, ಹಿಂದಿನ ಗುಂಪನ್ನ ಮುಂದೆ ಬಿಡೋದು. ಸೀರೆ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಬರಿಗಾಲಲ್ಲಿ ಹತ್ತಿದಳು. ಮೇಲೆ ಒಸಾಕಾಬೆ ಗುಡಿ ಕಂಡದ್ದೇ ಕಾಸು ಹಾಕಿ ಕೈ ಮುಗಿದಳು. ಇಳಿಯುವಾಗ ಅಟ್ಟ ಇಳಿದಂಗೆ ಹಿಮ್ಮುಖವಾಗಿ. ನಾನು ಎರಡು ಮೆಟ್ಟಿಲು ಕೆಳಗೆ. ಒಟ್ಟು ಎರಡು ಗಂಟೆ ಆಗಿರಬೇಕು.

ಆಗ ಟಿಕೆಟ್ ತಲೆಗೆ ಸಾವಿರ ಯೆನ್, ಐವತ್ತು ಸೇರಿಸಿದರೆ ಪಕ್ಕದ ಕೋಕೋಎನ್ ಉದ್ಯಾನ ಕೂಡ. ಅಲ್ಲಿ ಒಂಬತ್ತು ತೋಟ. ಅಮ್ಮ ಮೀನಿನ ಕೊಳದ ಹತ್ತಿರ ಕೂತಳು. ಉಳಿದ ಎಂಟು ನಾನೇ ನೋಡಿಕೊಂಡು ಬಂದೆ.